ಜಾಝ್‌ನಲ್ಲಿ ಟ್ಯೂಬಾ: ನಿಮಗೆ ಇಷ್ಟದ ವಾದಕರು ಯಾರು, ಅವರ ಕೈಯಲ್ಲಿ ಯಾವ ವಾದ್ಯ?

ಕೆಳಸ್ವರ:

ಈ ಪ್ರಶ್ನೆ ತುಂಬಾ ದಿನದಿಂದ ತಲೆಯಲ್ಲಿತ್ತು, ಇವತ್ತು ಕೇಳಿಯೇ ಬಿಡುತ್ತೇನೆ. ಜಾಝ್‌ನಲ್ಲಿ ನಿಮಗೆ ಇಷ್ಟದ ಟ್ಯೂಬಾ ವಾದಕರು ಯಾರು? ಅವರು ಊದುವ ವಾದ್ಯದ ಬಗ್ಗೆ ಗೊತ್ತಿದ್ದರೆ ಅದನ್ನೂ ಬರೆಯಿರಿ. ಟ್ಯೂಬಾ, ಅಂದ್ರೆ ತಳದ ಸ್ವರ ಹಿಡಿಯುವ ದೊಡ್ಡ ಹಿತ್ತಾಳೆ ಊದುವಾದ್ಯ, ಅದರ ಬಗ್ಗೆ ಜನ ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಳೇ ಕಾಲದಲ್ಲಿ ಇದನ್ನು ಊದುತ್ತಿದ್ದರು, ಆಮೇಲೆ ಡಬಲ್ ಬಾಸ್ ಬಂತು, ಇದು ಮೂಲೆ ಸೇರಿತು, ಅಷ್ಟೇ. ಈ ಮಾತು ನನಗೆ ಒಪ್ಪಿಗೆಯಿಲ್ಲ. ತಂತಿಯ ಬಾಸ್ ಕೈಯಲ್ಲಿ ಆಗದ ಒಂದು ಕೆಲಸ ಟ್ಯೂಬಾ ಮಾಡುತ್ತದೆ. ಅದು ಉಸಿರಾಡುತ್ತದೆ. ತಳದ ಸ್ವರವೇ ಉಸಿರು ತಗೊಂಡರೆ ಇಡೀ ಬ್ಯಾಂಡ್‌ನ ನಡಿಗೆ ಬೇರೆ ಆಗುತ್ತದೆ.

ನನ್ನ ಆಯ್ಕೆ ಬಾಬ್ ಸ್ಟೂವರ್ಟ್. ಆಲ್ಟೊ ಸ್ಯಾಕ್ಸ್‌ನ ಆರ್ಥರ್ ಬ್ಲೈಥ್ ಜೊತೆ ಅವರು ವರ್ಷಗಟ್ಟಲೆ ಊದಿದರು. 1979ರ 'ಲೆನಾಕ್ಸ್ ಅವೆನ್ಯೂ ಬ್ರೇಕ್‌ಡೌನ್' ಆಲ್ಬಮ್‌ನಲ್ಲಿ ಅದೇ ಹೆಸರಿನ ಟ್ರ್ಯಾಕ್ ಕೇಳಿ. ಅದರಲ್ಲಿ ಟ್ಯೂಬಾಗೆ ಒಂದು ಉದ್ದದ ಸೋಲೊ ಇದೆ. ಪಕ್ಕದಲ್ಲಿ ಸೆಸಿಲ್ ಮೆಕ್‌ಬೀ ಬಾಸ್ ಹಿಡಿದು ನಿಂತಿದ್ದಾರೆ, ಹಾಗಾಗಿ ಸ್ಟೂವರ್ಟ್ ತಳ ಕಾಯಬೇಕಾಗಿಲ್ಲ. ಆದರೂ ತಳ ಬಿಟ್ಟು ಓಡಿಹೋಗುವುದಿಲ್ಲ. ಕೆಳಗಿನಿಂದ ಒಂದು ಮಾತು ಶುರು ಮಾಡುತ್ತಾರೆ, ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಾರೆ, ಮೇಲೆ ಹೋಗುತ್ತಾರೆ, ಮತ್ತೆ ಬಂದು ಅಲ್ಲೇ ಕೂರುತ್ತಾರೆ. ನಾನು ಆ ಭಾಗವನ್ನು ಎಷ್ಟು ಸಲ ಕೇಳಿದ್ದೇನೆ ಅಂದ್ರೆ, ಅವರು ಎಲ್ಲಿ ಉಸಿರು ತಗೊಳ್ಳುತ್ತಾರೋ ಅಲ್ಲಿ ನನ್ನ ಎದೆಯೂ ತುಂಬಿಕೊಳ್ಳುತ್ತದೆ.

ಅದಕ್ಕೂ ಮುಂಚೆ 'ಬುಷ್ ಬೇಬಿ' ಅಂತ ಒಂದು ಆಲ್ಬಮ್ ಬಂತು. ಅದರಲ್ಲಿ ಬರೀ ಮೂರು ಜನ: ಆಲ್ಟೊ, ಕಾಂಗಾ ಡ್ರಮ್, ಟ್ಯೂಬಾ. ಬಾಸ್ ಇಲ್ಲ, ಪಿಯಾನೋ ಇಲ್ಲ. ಇಲ್ಲಿ ಎರಡು ಕೆಲಸವೂ ಸ್ಟೂವರ್ಟ್ ಅವರದೇ. ಟ್ಯೂಬಾ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ರೆಕಾರ್ಡ್ ಒಂದರ ಹಿಂದೆ ಒಂದು ಹಾಕುತ್ತೇನೆ.

ಹಳೇ ರೆಕಾರ್ಡು:

ಒಳ್ಳೇ ವಿಷಯ ತೆಗೆದಿರಿ ಕೆಳಸ್ವರ ಅವರೇ. ಆದರೆ ಆ "ಹಳೇ ಕಾಲ"ವನ್ನು ಅಷ್ಟು ಬೇಗ ದಾಟಿ ಹೋಗಬೇಡಿ. 1925ಕ್ಕೆ ಮುಂಚೆ ಮೈಕ್ ಇಟ್ಟು ಧ್ವನಿಮುದ್ರಣ ಮಾಡುತ್ತಿರಲಿಲ್ಲ. ಒಂದು ದೊಡ್ಡ ಕೊಂಬಿನ ಮುಂದೆ ಎಲ್ಲರೂ ಗುಂಪಾಗಿ ನಿಲ್ಲಬೇಕು, ಆ ಕೊಂಬಿನೊಳಗೆ ಎಷ್ಟು ಸದ್ದು ಹೋಯಿತೋ ಅಷ್ಟೇ ಸೂಜಿ ಕೆತ್ತುತ್ತಿತ್ತು. ಡಬಲ್ ಬಾಸ್ ತಂತಿ ಮೀಟಿದರೆ ಅಲ್ಲಿಗೆ ತಲುಪುವುದೇ ಕಷ್ಟ. ಟ್ಯೂಬಾ ತಲುಪುತ್ತಿತ್ತು. ನೃತ್ಯದ ಹಾಲ್‌ಗಳಲ್ಲೂ ಇದೇ ಕಥೆ, ಆಗ ಆಂಪ್ಲಿಫೈಯರ್ ಎಲ್ಲಿತ್ತು?

1927ರ ಮೇ ತಿಂಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಹಾಟ್ ಫೈವ್ ತಂಡಕ್ಕೆ ಇಬ್ಬರನ್ನು ಸೇರಿಸಿ ಹಾಟ್ ಸೆವೆನ್ ಮಾಡಿದರು. ಸೇರಿದವರು ಯಾರು? ಡ್ರಮ್‌ಗೆ ಬೇಬಿ ಡಾಡ್ಸ್, ಟ್ಯೂಬಾಗೆ ಪೀಟ್ ಬ್ರಿಗ್ಸ್. ಆ ಟ್ರ್ಯಾಕ್‌ಗಳನ್ನು ಹಾಟ್ ಫೈವ್ ಪಕ್ಕ ಇಟ್ಟು ಕೇಳಿ, ನೆಲ ಗಟ್ಟಿಯಾಗಿದ್ದು ತಾನಾಗಿ ಗೊತ್ತಾಗುತ್ತದೆ. ನಾಲ್ಕು ಬೀಟ್ ಸೇರಿದರೆ ಒಂದು ಬಾರು, ಆ ಬಾರಿನ 1 ಮತ್ತು 3ನೇ ಬೀಟ್ ಮೇಲೆ ಬ್ರಿಗ್ಸ್ ಒಂದೊಂದು ಸ್ವರ ಇಡುತ್ತಾರೆ. ಅಷ್ಟು ಸಾಕು. ಅದರ ಮೇಲೆ ಆರ್ಮ್‌ಸ್ಟ್ರಾಂಗ್ ಎಲ್ಲಿ ಬೇಕಾದರೂ ಹಾರಬಹುದು.

ಆಮೇಲೆ ಸಂಗೀತ ನಾಲ್ಕೂ ಬೀಟ್ ಮೇಲೆ ನಡೆಯಲು ಶುರು ಮಾಡಿತು. ಪ್ರತಿ ಬೀಟ್‌ಗೂ ಒಂದು ಸ್ವರ ಅಂದ್ರೆ ಉಸಿರಿಗೆ ಜಾಗವೇ ಇಲ್ಲ. ವಾಲ್ಟರ್ ಪೇಜ್, ಜಾನ್ ಕರ್ಬಿ ಅಂಥವರು ಎರಡೂ ನುಡಿಸುತ್ತಿದ್ದರು, ಕ್ರಮೇಣ ಬಾಸ್ ಕಡೆ ವಾಲಿದರು. ಟ್ಯೂಬಾ ಸೋತಿದ್ದು ಸದ್ದಿನಲ್ಲಿ ಅಲ್ಲ, ಉಸಿರಿನಲ್ಲಿ.

ನನ್ನ ಆಯ್ಕೆ ಬಿಲ್ ಬಾರ್ಬರ್. ಕ್ಲಾಡ್ ಥಾರ್ನ್‌ಹಿಲ್ ಅವರ ಆರ್ಕೆಸ್ಟ್ರಾದಿಂದ ಬಂದವರು. 1949ರ ಜನವರಿಯಿಂದ 1950ರ ಮಾರ್ಚ್ ತನಕ ಮೂರು ಸಲ ಮೈಲ್ಸ್ ಡೇವಿಸ್ ಅವರ ಒಂಬತ್ತು ಜನರ ತಂಡ ಸ್ಟುಡಿಯೋಗೆ ಹೋಯಿತು, ಮೂರೂ ಸಲ ಟ್ಯೂಬಾ ಇವರದೇ. ಮುಂದೆ 'ಬರ್ತ್ ಆಫ್ ದಿ ಕೂಲ್' ಅಂತ ಹೆಸರಾದದ್ದು ಅದೇ. ಅಲ್ಲಿ ಬಾಸ್ ಬೇರೆ ಇತ್ತು. ಬಾರ್ಬರ್ ಕೆಲಸ ಟ್ರಂಪೆಟ್, ಟ್ರೊಂಬೋನ್, ಫ್ರೆಂಚ್ ಹಾರ್ನ್, ಎರಡು ಸ್ಯಾಕ್ಸ್ ಸೇರಿದ ಗುಂಪಿಗೆ ತಳದ ದನಿ ಆಗುವುದು. ಅವರ ಸ್ವರ ನಿಮಗೆ ಬೇರೆಯಾಗಿ ಕೇಳುವುದೇ ಇಲ್ಲ. ತೆಗೆದುಬಿಟ್ಟರೆ ಮಾತ್ರ ಉಳಿದ ಐದೂ ತೆಳುವಾಗುತ್ತವೆ. 1957ರ 'ಮೈಲ್ಸ್ ಅಹೆಡ್'ನಲ್ಲೂ 1961ರಲ್ಲಿ ಸ್ಯಾಕ್ಸ್ ವಾದಕ ಕೋಲ್ಟ್ರೇನ್ ಅವರ 'ಆಫ್ರಿಕಾ/ಬ್ರಾಸ್'ನಲ್ಲೂ ಅವರಿದ್ದಾರೆ.

ಬೀದಿ ಬ್ಯಾಂಡ್:

ಇಲ್ಲಿ ತನಕ ಸೂಸಾಫೋನ್, ಅಂದ್ರೆ ಮೈ ಸುತ್ತ ಬಳಸಿ ಭುಜದ ಮೇಲೆ ಹೊರುವ ಟ್ಯೂಬಾ, ಅದರ ಹೆಸರೇ ಬಂದಿಲ್ಲ! ಟ್ಯೂಬಾ ಮೂಲೆ ಸೇರಿತು ಅಂತ ನ್ಯೂ ಆರ್ಲಿಯನ್ಸ್ ಜನರ ಮುಂದೆ ಹೇಳಿ ನೋಡಿ. ಅಲ್ಲಿ ಬೀದಿಯಲ್ಲಿ ನಡೆಯುತ್ತಾ ನುಡಿಸುವ ಬ್ರಾಸ್ ಬ್ಯಾಂಡ್‌ಗಳಲ್ಲಿ ಅದು ಯಾವತ್ತೂ ನಿಂತಿಲ್ಲ. ಡಬಲ್ ಬಾಸ್ ಹೊತ್ತುಕೊಂಡು ಮೆರವಣಿಗೆ ಹೋಗಲಾಗುತ್ತಾ?

ನನ್ನ ಆಯ್ಕೆ ಕರ್ಕ್ ಜೋಸೆಫ್. 1977ರಲ್ಲಿ ಶುರುವಾದ ಡರ್ಟಿ ಡಜನ್ ಬ್ರಾಸ್ ಬ್ಯಾಂಡ್‌ನವರು, ಅವರ ತಂದೆ ಟ್ರೊಂಬೋನ್ ವಾದಕ. ಅವರಿಗಿಂತ ಮುಂಚೆ ಮೆರವಣಿಗೆಯ ಟ್ಯೂಬಾ ಅಂದ್ರೆ ಹಳೇ ರೆಕಾರ್ಡು ಅವರು ಹೇಳಿದ ಹಾಗೆ ಬಹುಪಾಲು 1 ಮತ್ತು 3. ಜೋಸೆಫ್ ಬಂದು ಅಲ್ಲಿ ಓಡುವ ಸಾಲುಗಳನ್ನು ತಂದರು. ಫಂಕ್ ಬ್ಯಾಂಡ್‌ನ ಎಲೆಕ್ಟ್ರಿಕ್ ಬಾಸ್ ಥರ, ಬೀಟ್‌ನ ನಡುವೆ ನುಗ್ಗುವ ಸ್ವರಗಳು, ಒಂದು ಪಟ್ಟು ಹಿಡಿದರೆ ಬಿಡದೆ ಅದನ್ನೇ ತಿರುಗಿಸುವುದು. 1984ರ ಅವರ ಮೊದಲ ಆಲ್ಬಮ್ ಕೇಳಿ. ಕುರ್ಚಿಯಲ್ಲಿ ಸುಮ್ನೆ ಕೂರಲು ಆಗುವುದಿಲ್ಲ.

ಅದೇ ದಾರಿಯಲ್ಲಿ ರೀಬರ್ತ್ ಬ್ರಾಸ್ ಬ್ಯಾಂಡ್‌ನ ಫಿಲ್ ಫ್ರೇಜಿಯರ್ ಬಂದರು. ಅವರು ಊದಿದರೆ ಸ್ವರದ ಅಂಚು ಹರಿದಂತೆ ಕೇಳುತ್ತದೆ. ಒರಟು, ಆದರೆ ಬೀದಿಯ ಆಚೆ ತುದಿಗೂ ಮುಟ್ಟುತ್ತದೆ. ಆ ತಂಡಕ್ಕೆ 2012ರಲ್ಲಿ ಗ್ರ್ಯಾಮಿ ಬಂತು. ಅವರಿಗೂ ಹಿರಿಯರು ಟ್ಯೂಬಾ ಫ್ಯಾಟ್ಸ್, ಅಂದ್ರೆ ಆಂಟನಿ ಲೇಸನ್. ಜ್ಯಾಕ್ಸನ್ ಸ್ಕ್ವೇರ್‌ನಲ್ಲಿ ಕೂತು ಊದುತ್ತಿದ್ದರು, 2004ರಲ್ಲಿ ತೀರಿಕೊಂಡರು.

ವಾದ್ಯದ ಬಗ್ಗೆ: ಮೊದಲ ಸೂಸಾಫೋನ್ ತಯಾರಾಗಿದ್ದು 1893ರಲ್ಲಿ, ಜೆ.ಡಬ್ಲ್ಯೂ. ಪೆಪ್ಪರ್ ಅವರ ಕಾರ್ಖಾನೆಯಲ್ಲಿ. ಆಗ ಬೆಲ್, ಅಂದ್ರೆ ಕೊಳವೆಯ ಅಗಲ ಬಾಯಿ, ಆಕಾಶ ನೋಡುತ್ತಿತ್ತು, ಮುಂದಕ್ಕೆ ತಿರುಗಿದ್ದು ಆಮೇಲೆ. ಬ್ರಾಸ್ ಬ್ಯಾಂಡ್ ಮಂದಿಗೆ ಕಾನ್ ಕಂಪನಿಯ 20ಕೆ ಮಾದರಿ ಅಂದ್ರೆ ಬಹಳ ಪ್ರೀತಿ. ಅದರ ವಾಲ್ವ್ (ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿ) ಒತ್ತಬೇಕಾದ ದೂರ ಕಡಿಮೆ, ಹಾಗಾಗಿ ಬೆರಳು ಚುರುಕಾಗಿ ಓಡುತ್ತದೆ. ತೂಕ ಹದಿನೈದು ಕಿಲೋ ಆಸುಪಾಸು, ಪೂರ್ತಿ ಎಡ ಭುಜದ ಮೇಲೆ. ಗಂಟೆಗಟ್ಟಲೆ ನಡೆಯುತ್ತಾ ಅದನ್ನು ಊದುವವರ ಬಗ್ಗೆ ನನಗೆ ಎಲ್ಲಿಲ್ಲದ ಗೌರವ.

ಹೊಸ ಉಸಿರು:

ನಮಸ್ಕಾರ ಎಲ್ಲರಿಗೂ. ನಾನು ಟ್ರೊಂಬೋನ್‌ನಿಂದ ಟ್ಯೂಬಾ ಕಡೆ ಬರುತ್ತಿದ್ದೇನೆ, ಇನ್ನೂ ಎರಡು ತಿಂಗಳು. ಎರಡು ಪ್ರಶ್ನೆ ಇದೆ. ಮೂಲ ಸ್ವರದ ಹೆಸರಿನಲ್ಲಿ ಬಿ ಫ್ಲಾಟ್, ಸಿ, ಇ ಫ್ಲಾಟ್, ಎಫ್ ಅಂತ ನಾಲ್ಕು ಥರ ಟ್ಯೂಬಾ ಇದೆಯಲ್ಲ, ಜಾಝ್‌ಗೆ ಯಾವುದು? ಇನ್ನೊಂದು, 1 ಮತ್ತು 3ನೇ ವಾಲ್ವ್ ಒಟ್ಟಿಗೆ ಒತ್ತಿದಾಗ ನನ್ನ ಸ್ವರ ಯಾಕೆ ಮೇಲೆ ಹೋಗುತ್ತದೆ? ತುಟಿ ತಪ್ಪೋ ಕಿವಿ ತಪ್ಪೋ ಗೊತ್ತಾಗ್ತಿಲ್ಲ.

ಮೂರನೇ ವಾಲ್ವ್:

ತುಟಿಯೂ ಅಲ್ಲ, ಕಿವಿಯೂ ಅಲ್ಲ. ಲೆಕ್ಕ ನೋಡಿ. ಬಿ ಫ್ಲಾಟ್ ಟ್ಯೂಬಾದ ಕೊಳವೆ ಬಿಚ್ಚಿ ಹಾಸಿದರೆ ಸುಮಾರು 5.5 ಮೀಟರ್. ಮೊದಲ ವಾಲ್ವ್ ಒತ್ತಿದರೆ ಎರಡು ಅರ್ಧಸ್ವರ ಇಳಿಯಬೇಕು, ಅದಕ್ಕೆ ಸುಮಾರು 67 ಸೆಂ.ಮೀ. ಕೊಳವೆ ಹೆಚ್ಚುವರಿ ಸೇರಿಸಿರುತ್ತಾರೆ. ಈಗ ನೀವು ಮೂರನೆಯದನ್ನು ಮೊದಲೇ ಒತ್ತಿದ್ದೀರಿ ಅಂತಿಟ್ಟುಕೊಳ್ಳಿ. ಕೊಳವೆ ಆಗಲೇ ಆರೂವರೆ ಮೀಟರ್ ಆಗಿದೆ. ಅಲ್ಲಿಂದ ಎರಡು ಅರ್ಧಸ್ವರ ಇಳಿಯಲು 80 ಸೆಂ.ಮೀ. ಬೇಕು, ಇರುವುದು ಅದೇ 67. ಹದಿಮೂರು ಸೆಂ.ಮೀ. ಕೊರತೆ. ಕೊಳವೆ ಗಿಡ್ಡವಾದರೆ ಶ್ರುತಿ ಏರುತ್ತದೆ, ಅಲ್ವಾ? ಟ್ರೊಂಬೋನ್‌ನಲ್ಲಿ ಸ್ಲೈಡ್ ಒಂಚೂರು ಎಳೆದು ಸರಿಮಾಡುತ್ತಿದ್ದಿರಿ, ಇಲ್ಲಿ ಆ ಅನುಕೂಲ ಇಲ್ಲ.

ಇದಕ್ಕೆ ಪರಿಹಾರ ಮೂರು. ನಾಲ್ಕನೇ ವಾಲ್ವ್ ಇರುವ ವಾದ್ಯ ಹಿಡಿಯುವುದು, 1 ಮತ್ತು 3ರ ಬದಲು ಅದೊಂದನ್ನೇ ಒತ್ತಿದರೆ ಆಯಿತು. ಇಲ್ಲಾ ಎಡಗೈಯಿಂದ ಮೊದಲ ವಾಲ್ವ್‌ನ ಸ್ಲೈಡ್ ಎಳೆಯುವುದು. ಇಲ್ಲಾ ಕಾಂಪೆನ್ಸೇಟಿಂಗ್ ವಾದ್ಯ. ಇದರಲ್ಲಿ ನಾಲ್ಕನೆಯದು ಒತ್ತಿದಾಗ ಗಾಳಿ ಇನ್ನೊಂದು ಸಲ ವಾಲ್ವ್‌ಗಳ ಒಳಗೆ ಸುತ್ತಿ ಬರುತ್ತದೆ, ಕೊರತೆಯಷ್ಟು ಪುಟ್ಟ ಕೊಳವೆ ತಾನಾಗಿ ಸೇರಿಕೊಳ್ಳುತ್ತದೆ. ಡೇವಿಡ್ ಬ್ಲೇಕ್ಲಿ 1874ರಲ್ಲಿ ಕಂಡುಹಿಡಿದ ಉಪಾಯ ಇದು, ಇವತ್ತಿಗೂ ಬ್ರಿಟಿಷ್ ಮಾದರಿಯ ಇ ಫ್ಲಾಟ್ ಟ್ಯೂಬಾಗಳಲ್ಲಿ ಇದೇ ನಡೆಯುತ್ತಿದೆ. ನನ್ನದೂ ಅಂಥದ್ದೇ. ತೂಕ ಜಾಸ್ತಿ, ಊದಲು ಒಂಚೂರು ಬಿಗಿ, ಆದರೆ ತಳದ ಸ್ವರಗಳು ಜಾಗದಲ್ಲಿ ನಿಲ್ಲುತ್ತವೆ.

ಜಾಝ್‌ಗೆ ಯಾವುದು ಅಂದ್ರೆ, ಬಾಸ್ ಸಾಲು ಹಿಡಿಯುವುದೇ ಮುಖ್ಯವಾದರೆ ಬಿ ಫ್ಲಾಟ್ ಅಥವಾ ಸಿ. ಸೋಲೊ ಜಾಸ್ತಿ ಊದುವ ಆಸೆ ಇದ್ದರೆ ಇ ಫ್ಲಾಟ್ ಅಥವಾ ಎಫ್. ಎಫ್ ಕೊಳವೆ 3.7 ಮೀಟರ್ ಅಷ್ಟೇ, ಮೇಲಿನ ಸ್ವರ ಸುಲಭವಾಗಿ ಹಿಡಿಯುತ್ತದೆ. ಅಂದಹಾಗೆ 1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಮತ್ತು ಮೊರಿಟ್ಸ್ ಪೇಟೆಂಟ್ ಪಡೆದ ಮೊದಲ ಟ್ಯೂಬಾ ಕೂಡ ಎಫ್‌ನಲ್ಲೇ ಇತ್ತು. ಎರಡು ತಿಂಗಳ ಕಲಿಕೆಗೆ ಮಾತ್ರ ನಾನು ಹೇಳುವುದು, ಕೈಗೆ ಯಾವುದು ಸಿಕ್ಕಿದೆಯೋ ಅದನ್ನೇ ಊದಿ.

ಒಂದು ಮಾತು ಮರೆಯಬೇಡಿ. ವಾಲ್ವ್‌ಗೆ ಎಣ್ಣೆ ದಿನಾ ಹಾಕಿ. ಒಂದು ಸಲ ಕಾರ್ಯಕ್ರಮದ ನಡುವೆ ನನ್ನ ಮೂರನೇ ಪಿಸ್ಟನ್ ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಹಿಂದಿನ ದಿನ ಎಣ್ಣೆ ಹಾಕದೆ ಮಲಗಿದ್ದೆ. ಎಡಗೈ ಉಗುರಿನಿಂದ ಅದನ್ನು ಎಬ್ಬಿಸಿ ಎಬ್ಬಿಸಿ ಒಂದು ಹಾಡು ಮುಗಿಸಿದೆ. ಈಗ ಪ್ರತಿ ಬಾರಿ ಪೆಟ್ಟಿಗೆ ತೆಗೆದ ಕೂಡಲೇ ಪಿಸ್ಟನ್ ಅರ್ಧ ಎಳೆದು, ಮೂರು ಹನಿ ಬಿಟ್ಟು, ತಿರುಗಿಸಿ ಅದರ ಕಚ್ಚಿಗೆ ಕೂರಿಸುತ್ತೇನೆ. ಕಟಕ್ ಅಂತ ಸಣ್ಣ ಸದ್ದು ಬರಬೇಕು. ಆ ಸದ್ದು ಬರುವ ತನಕ ತುಟಿ ಇಡುವುದಿಲ್ಲ.

ಕೆಳಸ್ವರ:

ಈ 67, 80ರ ಲೆಕ್ಕ ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ಧನ್ಯವಾದ ಮೂರನೇ ವಾಲ್ವ್ ಅವರೇ.

ಯಾರಾದರೂ ಹೋವರ್ಡ್ ಜಾನ್ಸನ್ ಹೆಸರು ಹೇಳುತ್ತಾರೆ ಅಂತ ಕಾಯುತ್ತಿದ್ದೆ, ನಾನೇ ಹೇಳುತ್ತೇನೆ. 1941ರಲ್ಲಿ ಅಲಬಾಮಾದಲ್ಲಿ ಹುಟ್ಟಿ ಒಹಾಯೋದಲ್ಲಿ ಬೆಳೆದವರು, ಬ್ಯಾರಿಟೋನ್ ಸ್ಯಾಕ್ಸ್ ಮತ್ತು ಟ್ಯೂಬಾ ಎರಡನ್ನೂ ತಾವೇ ಕಲಿತವರು. ಮಿಂಗಸ್ ಜೊತೆ, ಗಿಲ್ ಇವಾನ್ಸ್ ಜೊತೆ, ಆರ್ಚಿ ಶೆಪ್ ಜೊತೆ, ಮೆಕಾಯ್ ಟೈನರ್ ಜೊತೆ ಊದಿದರು. 'ದಿ ಬ್ಯಾಂಡ್' ತಂಡ 1976ರಲ್ಲಿ ಬೀಳ್ಕೊಡುಗೆ ಕಚೇರಿ ಮಾಡಿದಾಗಲೂ ಅವರಿದ್ದರು. ಆದರೆ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಕೆಲಸ. ಅವರು ಟ್ಯೂಬಾಗಳದ್ದೇ ಒಂದು ತಂಡ ಕಟ್ಟಿದರು, ಹೆಸರು ಗ್ರ್ಯಾವಿಟಿ. ಪಿಯಾನೋ, ಬಾಸ್, ಡ್ರಮ್ ಇಟ್ಟುಕೊಂಡು ಮುಂದಿನ ಸಾಲು ಪೂರ್ತಿ ಟ್ಯೂಬಾ! 1971ರಲ್ಲಿ ತಾಜ್ ಮಹಲ್ ಎಂಬ ಬ್ಲೂಸ್ ಗಾಯಕರ ಲೈವ್ ಆಲ್ಬಮ್ ಬಂತು, ಅದರಲ್ಲಿ ನಾಲ್ಕು ಟ್ಯೂಬಾ: ಜಾನ್ಸನ್, ಸ್ಟೂವರ್ಟ್, ಜೋ ಡೇಲಿ, ಅರ್ಲ್ ಮೆಕಿಂಟೈರ್. ನಾಲ್ಕು ಟ್ಯೂಬಾ ಒಟ್ಟಿಗೆ ಸ್ವರ ಹಿಡಿದಾಗ ಗದ್ದಲ ಆಗುತ್ತದೆ ಅಂತ ಅಂದುಕೊಂಡಿದ್ದೆ. ಹಾಗಲ್ಲ, ಹರ್ಮೋನಿಯಂನ ಕೆಳಗಿನ ಮನೆಗಳನ್ನು ಒಟ್ಟಿಗೆ ಒತ್ತಿದಷ್ಟು ಮೆತ್ತಗೆ ಬರುತ್ತದೆ. ಜಾನ್ಸನ್ 2021ರ ಜನವರಿಯಲ್ಲಿ ತೀರಿಕೊಂಡ ಸುದ್ದಿ ಕೇಳಿದ ರಾತ್ರಿ ನಾನು ಗ್ರ್ಯಾವಿಟಿ ಹಾಕಿಕೊಂಡು ಬಹಳ ಹೊತ್ತು ಕೂತಿದ್ದೆ.

ಹಳೇ ರೆಕಾರ್ಡು:

ಜಾನ್ಸನ್ ಬಗ್ಗೆ ಎರಡು ಮಾತಿಲ್ಲ. ಆದರೆ ರೇ ಡ್ರೇಪರ್ ಬಗ್ಗೆ ಮಾತ್ರ ಯಾರೂ ಜಾಸ್ತಿ ಹೊಗಳಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಕೋಲ್ಟ್ರೇನ್ ಜೊತೆ 1957ರ ಡಿಸೆಂಬರ್‌ನಲ್ಲಿ ಮಾಡಿದ ರೆಕಾರ್ಡ್ ಎಲ್ಲರೂ ಹುಡುಕುತ್ತಾರೆ. ಪ್ರಾಮಾಣಿಕವಾಗಿ ಕೇಳಿ. ಕೋಲ್ಟ್ರೇನ್ ಊದಿದ ಮೇಲೆ ಟ್ಯೂಬಾ ಬರುತ್ತದೆ, ವೇಗ ಅದೇ, ಆದರೆ ಸ್ವರಗಳು ಬೀಟ್‌ನ ಹಿಂದೆ ಎಳೆದುಕೊಂಡು ಬರುತ್ತವೆ. ಬೆರಳು ಹೋಗುತ್ತದೆ, ಗಾಳಿ ಹೋಗುವುದಿಲ್ಲ.

ಕೆಳಸ್ವರ:

ಇಲ್ಲಿ ನಾನು ನಿಮ್ಮ ಜೊತೆ ಒಪ್ಪುವುದಿಲ್ಲ. ಆಗ ಅವರಿಗೆ ಹದಿನೇಳು ವರ್ಷ. ಹದಿನೇಳು! ಅದೇ ವರ್ಷ ಅದಕ್ಕೂ ಮುಂಚೆ ಜಾಕಿ ಮೆಕ್ಲೀನ್, ಮ್ಯಾಲ್ ವಾಲ್ಡ್ರನ್ ಜೊತೆ ಸ್ವಂತ ಹೆಸರಿನಲ್ಲಿ ಇನ್ನೊಂದು ಆಲ್ಬಮ್ ಮಾಡಿದ್ದರು. ಟ್ಯೂಬಾದಲ್ಲಿ ಬೀಬಾಪ್, ಅಂದ್ರೆ ಆ ವೇಗದ ಜಾಝ್ ಶೈಲಿ, ಊದಲು ಅವರ ಮುಂದೆ ಮಾದರಿ ಅಂತ ಯಾರಿದ್ದರು? ರೆಡ್ ಕ್ಯಾಲೆಂಡರ್ 1954ರಲ್ಲಿ ಟ್ಯೂಬಾ ಮುಂದಿಟ್ಟು ಸ್ವಲ್ಪ ಮಾಡಿದ್ದರು, ಅಷ್ಟೇ. ದಾರಿಯೇ ಇಲ್ಲದ ಕಡೆ ನಡೆದವರ ಹೆಜ್ಜೆ ತಡವರಿಸುವುದು ಸಹಜ. 1958ರಲ್ಲಿ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಅವರ 'ಡೀಡ್ಸ್, ನಾಟ್ ವರ್ಡ್ಸ್' ಕೇಳಿ. ಪಿಯಾನೋ ಇಲ್ಲ. ಬೂಕರ್ ಲಿಟ್ಲ್ ಟ್ರಂಪೆಟ್, ಜಾರ್ಜ್ ಕೋಲ್‌ಮನ್ ಟೆನರ್, ಕೆಳಗೆ ಡ್ರೇಪರ್. ಮೂರು ದನಿ ಸೇರಿದಾಗ ಬರುವ ಆ ಕತ್ತಲು ಬಣ್ಣ ಟ್ರೊಂಬೋನ್ ಇಟ್ಟಿದ್ದರೆ ಬರುತ್ತಿರಲಿಲ್ಲ. 1982ರಲ್ಲಿ ನ್ಯೂಯಾರ್ಕ್‌ನಲ್ಲಿ ದರೋಡೆಗೆ ಸಿಕ್ಕಿ ಸತ್ತರು, ಆಗಿನ್ನೂ ನಲವತ್ತೆರಡು ವರ್ಷ. ಅವರನ್ನು ಆ ಒಂದು ಡಿಸೆಂಬರ್ ದಿನದ ಮೇಲೆ ಅಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಹಳೇ ರೆಕಾರ್ಡು:

ಮ್ಯಾಕ್ಸ್ ರೋಚ್ ಆಲ್ಬಮ್ ಈಗಷ್ಟೇ ಮತ್ತೆ ಕೇಳಿದೆ. ಮೂರು ದನಿಯ ಬಗ್ಗೆ ನೀವು ಹೇಳಿದ್ದು ನಿಜ. ಸೋಲೊಗಳ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದರೆ ಹದಿನೇಳು ಅನ್ನುವುದನ್ನು ನಾನು ಮರೆತಿದ್ದೆ, ಅದು ಮರೆಯಬಾರದ ವಿಷಯ.

ಬೀದಿ ಬ್ಯಾಂಡ್:

ಈಗಿನವರ ಬಗ್ಗೆ ಯಾರೂ ಹೇಳುತ್ತಿಲ್ಲ. ಥಿಯಾನ್ ಕ್ರಾಸ್ ಕೇಳಿದ್ದೀರಾ? ಲಂಡನ್‌ನವರು. ಸನ್ಸ್ ಆಫ್ ಕೆಮೆಟ್ ಅಂತ ಒಂದು ತಂಡ ಇತ್ತು: ಒಂದು ಸ್ಯಾಕ್ಸ್, ಒಂದು ಟ್ಯೂಬಾ, ಎರಡು ಡ್ರಮ್, ಅಷ್ಟೇ. ಮೊದಲು ಆ ಜಾಗದಲ್ಲಿ ಓರೆನ್ ಮಾರ್ಷಲ್ ಇದ್ದರು, ಆಮೇಲೆ ಕ್ರಾಸ್ ಬಂದರು. 2018ರ ಅವರ ಆಲ್ಬಮ್ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿಯ ಪಟ್ಟಿಯಲ್ಲಿತ್ತು. ಎರಡು ಡ್ರಮ್ ಮುಂದೆ ಬಾಸ್ ಇಲ್ಲದೆ ನಿಲ್ಲುವುದು ಅಂದ್ರೆ ಸುಮ್ನೆ ಅಲ್ಲ. ಬೆಲ್‌ಗೆ ಮೈಕ್ ಹಾಕಿ, ಸದ್ದು ಬದಲಿಸುವ ಪೆಡಲ್ ಇಟ್ಟುಕೊಂಡು ಊದುತ್ತಾರೆ, ಡಬ್ ಮತ್ತು ಗ್ರೈಮ್ ಸಂಗೀತದ ಬಾಸ್ ಹೇಗೆ ಹೊಟ್ಟೆಗೆ ಬಡಿಯುತ್ತದೋ ಹಾಗೆ ಬಡಿಯುತ್ತದೆ. 2019ರಲ್ಲಿ ಸ್ವಂತ ಆಲ್ಬಮ್ 'ಫಯಾ' ತಂದರು.

ಮೂರನೇ ವಾಲ್ವ್:

ಕ್ರಾಸ್ ಸಾಲುಗಳನ್ನು ಊದಲು ಪ್ರಯತ್ನ ಪಟ್ಟಿದ್ದೇನೆ, ಎರಡು ನಿಮಿಷಕ್ಕೆ ತುಟಿ ಬಿಟ್ಟುಕೊಟ್ಟಿತು. ಆ ತ್ರಾಣ ದಿನಾ ಸಾಧನೆಯಿಂದ ಮಾತ್ರ ಬರುತ್ತದೆ.

ಬೇರೆ ವಾದ್ಯ ಹಿಡಿದವರ ಬಗ್ಗೆ ಒಂದು ಮಾತು. ಫ್ರಾನ್ಸ್‌ನ ಮಿಶೆಲ್ ಗೊದಾರ್ ಟ್ಯೂಬಾ ಜೊತೆಗೆ ಸರ್ಪೆಂಟ್ ಊದುತ್ತಾರೆ. ಹಾವಿನ ಹಾಗೆ ಸುತ್ತಿಕೊಂಡ ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ, ಆರು ಬೆರಳು ರಂಧ್ರ. ಟ್ಯೂಬಾ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕಿಂತ ಮುಂಚಿನ ವಾದ್ಯ. ರಂಧ್ರಗಳು ಇರಬೇಕಾದ ಜಾಗದಲ್ಲಿ ಇಲ್ಲ, ಬೆರಳಿಗೆ ಎಟುಕುವ ಜಾಗದಲ್ಲಿವೆ. ಹಾಗಾಗಿ ಶ್ರುತಿ ಪೂರ್ತಿ ತುಟಿಯ ಮೇಲೆ ನಿಂತಿರುತ್ತದೆ. ಗೊದಾರ್ ಊದಿದರೆ ಗಮಕ ಹಾಡಿದ ಹಾಗೆ ಸ್ವರ ಜಾರುತ್ತದೆ. ನಾರ್ವೆಯ ಡ್ಯಾನಿಯಲ್ ಹರ್ಸ್‌ಕೆಡಾಲ್ ಇನ್ನೊಬ್ಬರು, ಟ್ಯೂಬಾ ಮತ್ತು ಬಾಸ್ ಟ್ರಂಪೆಟ್. ಅವರದು ತುಂಬಾ ನಿಧಾನ, ತುಂಬಾ ಮೆತ್ತಗೆ. ನಾನು ಅಭ್ಯಾಸ ಮುಗಿಸಿ ವಾದ್ಯ ಒರೆಸುವಾಗ ಕೇಳುವುದು ಇವರನ್ನೇ.

ಹೊಸ ಉಸಿರು:

ನಾಲ್ಕನೇ ವಾಲ್ವ್ ಉಪಾಯ ಕೆಲಸ ಮಾಡಿತು ಸರ್, ಶ್ರುತಿ ನಿಂತಿತು! ಈಗ ಇನ್ನೊಂದು ಕಷ್ಟ. 12 ಬಾರಿನ ಬ್ಲೂಸ್‌ಗೆ ನಾಲ್ಕೂ ಬೀಟ್ ಊದಲು ಹೋದರೆ ಐದನೇ ಬಾರ್‌ಗೆ ಬರುವಾಗ ಉಸಿರು ಖಾಲಿ. ಸ್ಟೂವರ್ಟ್ ಅವರೆಲ್ಲಾ ಹೇಗೆ ಮಾಡುತ್ತಾರೆ?

ಮೂರನೇ ವಾಲ್ವ್:

ಉಸಿರು ಖಾಲಿ ಆಗುವ ತನಕ ಕಾಯಬೇಡಿ, ಅದೇ ತಪ್ಪು. ಎಲ್ಲಿ ತಗೊಳ್ಳಬೇಕು ಅಂತ ಮೊದಲೇ ಗುರುತು ಹಾಕಿಕೊಳ್ಳಿ. ಎರಡನೇ ಬಾರಿನ ಕೊನೆಯ ಬೀಟ್ ಪೂರ್ತಿ ಬಿಟ್ಟುಬಿಡಿ, ನಾಲ್ಕನೇ ಬಾರಿನದೂ ಬಿಡಿ, ಹೀಗೇ ಎರಡು ಬಾರ್‌ಗೆ ಒಮ್ಮೆ. ಸ್ವರ ಬಿಡಬಹುದು, ಮುಂದಿನ ಬಾರಿನ ಮೊದಲ ಬೀಟ್‌ಗೆ ಮಾತ್ರ ತಡ ಮಾಡಬಾರದು. ಬಿಟ್ಟ ಜಾಗವನ್ನೂ ಸಾಲಿನ ಭಾಗ ಅಂತಲೇ ಎಣಿಸಿ. ಕೆನ್ನೆಯ ಗಾಳಿಯಿಂದ ಊದುತ್ತಾ ಮೂಗಿನಿಂದ ಉಸಿರೆಳೆಯುವ ವಿದ್ಯೆ ಇದೆ, ಅದು ಆಮೇಲೆ ಕಲಿಯುವಿರಂತೆ.

ಹೊಸ ಉಸಿರು:

ಮೂರು ದಿನ ಮಾಡಿದೆ. 12 ಬಾರು ಎರಡು ಸುತ್ತು ಪೂರ್ತಿ ಬಂತು. ನಾಲ್ಕನೇ ಬಾರಿನ ಕೊನೆಯಲ್ಲಿ ಸ್ವರ ಬಿಟ್ಟಾಗ ಆ ಒಂದು ಬೀಟ್‌ನಲ್ಲಿ, ನಾನು ಹಾಕಿಕೊಂಡಿದ್ದ ರೆಕಾರ್ಡ್‌ನ ಸ್ನೇರ್ ಡ್ರಮ್ ಸದ್ದು ತಟ್ಟನೆ ಎದುರಿಗೆ ಬಂದು ನಿಂತಿತು. ಅದು ಅಲ್ಲೇ ಇತ್ತು, ನಾನು ಇಷ್ಟು ದಿನ ಅದರ ಮೇಲೆ ಊದಿಬಿಡುತ್ತಿದ್ದೆ. ಮುಂದೆ ಏನು ಕೇಳಲಿ?

ಕೆಳಸ್ವರ:

ಸ್ಯಾಮ್ ರಿವರ್ಸ್ ಅವರ 1976ರ ಟ್ಯೂಬಾ ಟ್ರಯೋ. ರಿವರ್ಸ್ ಸ್ಯಾಕ್ಸ್, ಕೊಳಲು, ಪಿಯಾನೋ ಬದಲಿಸುತ್ತಾ ಹೋಗುತ್ತಾರೆ, ಡ್ರಮ್ ವಾರೆನ್ ಸ್ಮಿತ್, ಟ್ಯೂಬಾ ಜೋ ಡೇಲಿ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಡೇಲಿ ಎಲ್ಲೆಲ್ಲಿ ಸ್ವರ ಬಿಡುತ್ತಾರೆ ಅಂತ ಕಾಗದದ ಮೇಲೆ ಗೀಟು ಹಾಕುತ್ತಾ ಹೋಗಿ, ಹಾಕಿದ್ದನ್ನು ಇಲ್ಲಿ ಬರೆಯಿರಿ. ನಾನೂ ಈ ವಾರ ಹಾಕಿಡುತ್ತೇನೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ.